ಐದು ಪಾಯಿಂಟ್ ಮೂರು

ಅರವತ್ತೊಂದನೆಯ ವಯಸ್ಸಿನಲ್ಲಿ ಅತ್ತೆ ಕಂಪ್ಯೂಟರ್ ಆಟದ ತಂಡವೊಂದಕ್ಕೆ ಸೇರಿದಾಗ ಮನೆಯಲ್ಲಿ ಯಾರೂ ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ಮೂವತ್ತೊಂದು ವರ್ಷ ಟೈಪಿಂಗ್ ಕಲಿಸಿ ನಿವೃತ್ತರಾದವರು, ಬೆರಳುಗಳಿಗೆ ಏನಾದರೂ ಕೆಲಸ ಬೇಕಲ್ಲ, ಆಡಿಕೊಳ್ಳಲಿ ಎಂದು ಮನೆಯವರು ಸುಮ್ಮನಾದರು. ಎರಡು ವರ್ಷದಲ್ಲಿ ಮಾತು ಬದಲಾಯಿತು. ಕೋಟೆ ಕಟ್ಟಿ, ಸೈನ್ಯ ಬೆಳೆಸಿ, ಎದುರಾಳಿಯ ಗಣಿಗಳನ್ನು ಕಿತ್ತುಕೊಳ್ಳುವ ಆ ಆಟದಲ್ಲಿ ‘ಕೆಂಪಿರುವೆ’ ಎಂಬ ಹೆಸರು ಕಂಡರೆ ಎದುರಿಗಿದ್ದವರು ಹುಷಾರಾಗುತ್ತಿದ್ದರು. ಕೆಂಪಿರುವೆ ಎಂದರೆ ನಮ್ಮ ಅತ್ತೆ ಎಂದು ಅವರ ಮಗ ಆಫೀಸಿನಲ್ಲಿ ಹೇಳಿದರೆ ಒಬ್ಬರೂ ನಂಬುತ್ತಿರಲಿಲ್ಲ. “ಅತ್ತೆ ಅಂದ್ರೆ ಹೆಂಡತಿಗೆ, ನನಗೆ ಅಮ್ಮ” ಎಂದು ಅವನು ತಿದ್ದಿದರಂತೂ ಇನ್ನಷ್ಟು ನಗುತ್ತಿದ್ದರು. ಅವನಿಗೂ ಹೆಂಡತಿಯ ಜೊತೆ ಸೇರಿ ಅಮ್ಮನನ್ನು ಅತ್ತೆ ಎನ್ನುವುದೇ ರೂಢಿಯಾಗಿಬಿಟ್ಟಿತ್ತು.

ಹೆಂಡತಿ, ಅಂದರೆ ಈ ಮನೆಯ ಸೊಸೆ, ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಮೆಕ್ಯಾನಿಕ್. ಹನ್ನೊಂದು ವರ್ಷದಿಂದ ಅಲ್ಲಿಯ ನಾಲ್ಕು ಶೀತಕೋಣೆಗಳ ಕಂಪ್ರೆಸರು, ಪಂಪು, ಪೈಪುಗಳೆಲ್ಲ ಅವಳ ಸುಪರ್ದಿಯಲ್ಲಿದ್ದವು. ಶಾಖ ಎಲ್ಲಿ ಹುಟ್ಟುತ್ತದೆ, ಯಾವ ದಾರಿಯಲ್ಲಿ ಹೋಗುತ್ತದೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎನ್ನುವುದು ಅವಳಿಗೆ ಅಂಗೈಯಷ್ಟು ಪರಿಚಯ. ಆದರೂ ಮುಂದಿನ ಕೋಣೆಯ ಕಿಟಕಿಯ ಪಕ್ಕ, ಗಾಜಿನ ಪೆಟ್ಟಿಗೆಯೊಳಗೆ ಕೆಂಪಗೆ ಮಿನುಗುತ್ತಿದ್ದ ಅತ್ತೆಯ ಕಂಪ್ಯೂಟರನ್ನು ಅವಳು ನಾಲ್ಕು ವರ್ಷದಲ್ಲಿ ಒಮ್ಮೆಯೂ ಮುಟ್ಟಿರಲಿಲ್ಲ. ಅದರ ಧೂಳು ಒರೆಸುವುದೂ ಅತ್ತೆಯೇ. ಬಿಡಿಭಾಗಗಳನ್ನು ತಂದು, ಎರಡು ತಿಂಗಳು ಓದಿ, ತಮ್ಮ ಕೈಯಾರೆ ಜೋಡಿಸಿದ್ದರು. ಅದು ಸಾಲದೆಂದು ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಿದ್ದರು, ಅಂದರೆ ತಯಾರಿಸಿದವರು ಹೇಳಿದ್ದಕ್ಕಿಂತ ಜೋರಾಗಿ ಓಡಿಸುತ್ತಿದ್ದರು. ಐದು ಪಾಯಿಂಟ್ ಮೂರು ಗಿಗಾಹರ್ಟ್ಸ್. ತಂಡದ ಐವರಲ್ಲಿ ಅಷ್ಟು ವೇಗ ಬೇರೆ ಯಾರ ಬಳಿಯೂ ಇರಲಿಲ್ಲ. ಆ ಅಂಕಿಯನ್ನು ಅತ್ತೆ, ಬೇರೆಯವರು ಮಕ್ಕಳ ರ‍್ಯಾಂಕ್ ಹೇಳಿಕೊಳ್ಳುವ ಹಾಗೆ ಹೇಳಿಕೊಳ್ಳುತ್ತಿದ್ದರು.

ಈ ಸಲದ ಆನ್‌ಲೈನ್ ಪಂದ್ಯಾವಳಿಯ ಸೆಮಿಫೈನಲಿನ ಎರಡನೆಯ ಆಟದಲ್ಲಿ, ಎದುರಾಳಿಯ ಬಾಗಿಲಿಗೇ ಸೈನ್ಯ ತಂದು ನಿಲ್ಲಿಸಿದ್ದಾಗ, ಕಂಪ್ಯೂಟರ್ ಟಪ್ಪೆಂದು ಆರಿಹೋಯಿತು.

ಸೊಸೆ ಆಗ ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ಕೀಲಿಗಳ ಸದ್ದು ನಿಂತದ್ದು ಕೇಳಿ ಬಾಗಿಲಿಗೆ ಬಂದಳು. ಕಪ್ಪು ಪರದೆಯ ಮುಂದೆ ಅತ್ತೆ ಕೂತಿದ್ದರು. ಹತ್ತೂ ಬೆರಳು ಕೀಲಿಗಳ ಮೇಲೇ ಇದ್ದವು, ಒಂದೂ ಅಲುಗುತ್ತಿರಲಿಲ್ಲ. ಆ ಕೈಗಳನ್ನು ಹಾಗೆ ಅವಳು ಕಂಡೇ ಇರಲಿಲ್ಲ.

ಕಂಪ್ಯೂಟರನ್ನು ಮತ್ತೆ ಶುರು ಮಾಡಿ ಆಡಿದ ಮೂರನೆಯ ಆಟವನ್ನು ತಂಡ ಹೇಗೋ ಏಗಿ ಗೆದ್ದಿತು. ಆಮೇಲೆ ಕ್ಯಾಪ್ಟನ್ನಿನ ದನಿ ಸ್ಪೀಕರಿನಲ್ಲಿ ಕೇಳಿಸಿತು. “ಮೇಡಂ, ಐದು ವಾರದಲ್ಲಿ ಇದು ಆರನೇ ಸಲ. ನಿಮ್ಮ ಆಟದ ಬಗ್ಗೆ ಎರಡು ಮಾತಿಲ್ಲ. ಆದ್ರೆ ಭಾನುವಾರ ಫೈನಲ್. ಶನಿವಾರ ಸಾಯಂಕಾಲದೊಳಗೆ ಮಿಷನ್ ಸರಿಯಾಯ್ತು ಅಂತ ನೀವು ಹೇಳ್ಬೇಕು. ಇಲ್ಲಾಂದ್ರೆ ಬದಲಿ ಆಟಗಾರನ್ನ ಕೂರಿಸ್ತೀನಿ.”

ಅತ್ತೆ “ಆಯ್ತು” ಎಂದರು. ಮರುದಿನ ಕಂಪ್ಯೂಟರ್ ಅಂಗಡಿಗೆ ಫೋನ್ ಮಾಡಿದರು. ಅಂಗಡಿಯವನು ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಪ್ರೊಸೆಸರ್ ಸುಟ್ಟಿರುತ್ತದೆ, ಹೊಸದು ಹಾಕಿಸಿ ಎಂದ. ಅತ್ತೆ ಗಂಟುಮೋರೆ ಹಾಕಿಕೊಂಡು ಫೋನ್ ಇಟ್ಟರು.

ಶುಕ್ರವಾರ ಮಧ್ಯಾಹ್ನ ಬೇಗ ಮನೆಗೆ ಬಂದ ಸೊಸೆ ಕೈಚೀಲ ಕೂಡ ಇಳಿಸದೆ ಕೇಳಿದಳು. “ಅತ್ತೆ, ನಾನೊಂದ್ಸಲ ನೋಡ್ಲಾ?”

“ಇದು ನಿನ್ನ ಆಲೂಗಡ್ಡೆ ಗೋಡೌನ್ ಅಲ್ಲ ಕಣಮ್ಮ.”

“ಅಲ್ಲ. ಆದ್ರೆ ಬಿಸಿ ಅಂದ್ರೆ ಎಲ್ಲಾ ಕಡೆ ಬಿಸೀನೇ.”

ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿದರು. ವಿದ್ಯಾರ್ಥಿಯೊಬ್ಬ ಪಾಠ ಕಲಿತು ಬಂದಿದ್ದಾನೋ ಸುಮ್ಮನೆ ಬಂದಿದ್ದಾನೋ ಎಂದು ಅಳೆಯುವ ನೋಟ ಅದು. ಕೊನೆಗೆ ಕುರ್ಚಿಯನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದರು. “ನೋಡು. ಕೈ ಹಾಕೋ ಮುಂಚೆ ಹೇಳು.”

ಸೊಸೆ ಕೈ ಹಾಕಲಿಲ್ಲ. ಕೆಲಸದ ನೋಟ್‌ಬುಕ್ ತೆಗೆದು ಹೊಸ ಹಾಳೆಯ ಮೇಲೆ ಗೆರೆ ಎಳೆದಳು. ಪ್ರೊಸೆಸರಿಗೆ ಪೂರ್ತಿ ಹೊರೆ ಹಾಕುವ ಪರೀಕ್ಷೆಯೊಂದನ್ನು ಅತ್ತೆಯ ಕೈಯಲ್ಲೇ ಶುರು ಮಾಡಿಸಿದಳು. ಮೊದಲ ನಿಮಿಷಕ್ಕೇ ಎಂಬತ್ತೆಂಟು ಡಿಗ್ರಿ. ಮೂರನೆಯ ನಿಮಿಷಕ್ಕೆ ತೊಂಬತ್ತೇಳು. ಐದಕ್ಕೆ ನೂರು ಮುಟ್ಟಿತು; ತನ್ನನ್ನು ತಾನು ಉಳಿಸಿಕೊಳ್ಳಲು ಪ್ರೊಸೆಸರ್ ವೇಗವನ್ನು ಮೂರು ಪಾಯಿಂಟ್ ಎಂಟಕ್ಕೆ ಇಳಿಸಿಕೊಂಡಿತು. ಸೊಸೆ ಎಲ್ಲವನ್ನೂ ಬರೆದುಕೊಂಡು, ಪರೀಕ್ಷೆ ನಿಲ್ಲಿಸಲು ಹೇಳಿ, ಗಾಜಿಗೆ ಕಿವಿ ಹಚ್ಚಿದಳು.

“ಏನು, ಒಳಗೆ ಯಾರಾದ್ರೂ ಮಾತಾಡ್ತಿದ್ದಾರಾ?” ಅತ್ತೆ ಕೇಳಿದರು.

“ಮಾತಾಡ್ತಿಲ್ಲ, ಬಾಯಿ ಮುಕ್ಕಳಿಸ್ತಿದ್ದಾರೆ. ನೀವೂ ಕೇಳಿ.”

ಅತ್ತೆ ಕಿವಿ ಕೊಟ್ಟರು. ಫ್ಯಾನಿನ ಸದ್ದಿನ ಅಡಿಯಲ್ಲಿ ಸಣ್ಣಗೆ ಗೊಳಗೊಳ ಸದ್ದು. ಪ್ರೊಸೆಸರಿನ ನೆತ್ತಿಯ ಮೇಲೆ ಒಂದು ಪುಟ್ಟ ಪಂಪು ಕೂತಿತ್ತು. ಅಲ್ಲಿಂದ ಎರಡು ಕೊಳವೆಗಳು ಪೆಟ್ಟಿಗೆಯ ತಳದಲ್ಲಿದ್ದ ರೇಡಿಯೇಟರಿಗೆ ಇಳಿದಿದ್ದವು. ಬಿಸಿ ನೀರು ಅಲ್ಲಿಗೆ ಹೋಗಿ, ಫ್ಯಾನಿನ ಗಾಳಿಗೆ ತಣಿದು, ಮತ್ತೆ ಮೇಲೆ ಬರಬೇಕು.

“ಈ ರೇಡಿಯೇಟರ್ ಮೊದಲಿಂದ್ಲೂ ಕೆಳಗೇ ಇತ್ತಾ?”

“ಇಲ್ಲ, ಮೇಲಿತ್ತು. ಆ ಕೆಂಪು ಲೈಟು ಮುಚ್ಚಿಹೋಗ್ತಿತ್ತು. ಚೆನ್ನಾಗಿ ಕಾಣ್ಲಿ ಅಂತ ಕೆಳಗೆ ಇಳಿಸ್ದೆ.”

“ಯಾವಾಗ?”

ಅತ್ತೆ ಬೆರಳು ಮಡಿಚಿ ಲೆಕ್ಕ ಹಾಕಿದರು. ಇಳಿಸಿ ಆರು ವಾರವಾಗಿತ್ತು. ತೊಂದರೆ ಶುರುವಾಗಿ ಐದು.

“ಕೊಳವೆಯಲ್ಲಿ ಯಾವಾಗ್ಲೂ ಒಂಚೂರು ಗಾಳಿ ಇರುತ್ತೆ ಅತ್ತೆ,” ಎಂದಳು ಸೊಸೆ. “ಗಾಳಿ ಎಲ್ಲಿ ಎತ್ತರ ಇದೆಯೋ ಅಲ್ಲಿಗೆ ಹೋಗಿ ಕೂರುತ್ತೆ. ರೇಡಿಯೇಟರ್ ಮೇಲಿದ್ರೆ ಅದರ ಮೂಲೆಯಲ್ಲಿ ಕೂರುತ್ತೆ, ಯಾರಿಗೂ ಕಷ್ಟ ಇಲ್ಲ. ಈಗ ಪಂಪೇ ಎತ್ತರ. ಪಾಪ, ಅದು ನೀರು ಬಿಟ್ಟು ಗಾಳಿ ಕುಡೀತಾ ಇದೆ.”

ಪೆಟ್ಟಿಗೆ ಬಿಚ್ಚಲು ಇಬ್ಬರೂ ನೆಲದ ಮೇಲೆ ಕೂತರು. ಅತ್ತೆ ಒಂದೊಂದೇ ತಿರುಪು ಬಿಚ್ಚಿ, ಬಿಚ್ಚಿದ ಕ್ರಮದಲ್ಲೇ ತಟ್ಟೆಯಲ್ಲಿ ಸಾಲಾಗಿ ಇಟ್ಟರು. ಪಂಪನ್ನು ಎತ್ತಿದಾಗ ಇನ್ನೊಂದು ಸಂಗತಿ ಕಂಡಿತು. ಪ್ರೊಸೆಸರಿಗೂ ಪಂಪಿನ ತಳಕ್ಕೂ ನಡುವೆ ಶಾಖ ದಾಟಿಸಲು ಹಚ್ಚಿದ್ದ ಪೇಸ್ಟು ಒಂದು ಕಡೆ ತೆಳ್ಳಗೆ, ಇನ್ನೊಂದು ಕಡೆ ದಪ್ಪಗೆ ಒಣಗಿತ್ತು. ಒಂದು ಬದಿಯ ತಿರುಪನ್ನು ಪೂರ್ತಿ ಬಿಗಿದು ಆಮೇಲೆ ಇನ್ನೊಂದು ಬದಿಗೆ ಹೋಗಿದ್ದರ ಗುರುತು ಅದು. ಸೊಸೆ ಹಳೆಯ ಪೇಸ್ಟನ್ನು ಒರೆಸಿ, ಹೊಸದನ್ನು ಹಚ್ಚಿ, ತಿರುಪುಳಿಯನ್ನು ಅತ್ತೆಗೇ ಕೊಟ್ಟಳು. “ಎದುರುಬದುರು ಮೂಲೆ. ಇಲ್ಲಿ ಎರಡು ಸುತ್ತು, ಅಲ್ಲಿ ಎರಡು ಸುತ್ತು. ನಮ್ಮ ಪೈಪಿನ ಬೋಲ್ಟ್‌ಗಳನ್ನೂ ಹಾಗೇ ಬಿಗಿಯೋದು.”

ರೇಡಿಯೇಟರ್ ಮತ್ತೆ ಮೇಲೇರಿತು. ಕೆಂಪು ದೀಪ ಅರ್ಧ ಮರೆಯಾಯಿತು. ಗೊಳಗೊಳ ಸದ್ದು ಒಂದೆರಡು ನಿಮಿಷ ಅಲ್ಲಿ ಇಲ್ಲಿ ಸುಳಿದಾಡಿ ನಿಂತಿತು. ಪೂರ್ತಿ ಹೊರೆಯಲ್ಲೂ ಈಗ ಎಂಬತ್ತಮೂರು ಡಿಗ್ರಿ. ಸಂಜೆ ಮನೆಗೆ ಬಂದ ಮಗನಿಗೆ ಅತ್ತೆಯೇ ಕಾಫಿ ಮಾಡಿಕೊಟ್ಟರು. ಅವನು ಲೋಟವನ್ನೂ ಹೆಂಡತಿಯ ಮುಖವನ್ನೂ ನೋಡಿ, ಏನೋ ಆಗಿದೆ ಎಂದು ತಿಳಿದು ತೆಪ್ಪಗೆ ಕುಡಿದ.

ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಶನಿವಾರ ಬೆಳಿಗ್ಗೆ ದೀರ್ಘ ಪರೀಕ್ಷೆ ಹಚ್ಚಿದರು. ನಲವತ್ತನೆಯ ನಿಮಿಷಕ್ಕೆ ಪರದೆ ನೀಲಿಯಾಗಿ ಕಂಪ್ಯೂಟರ್ ಕುಸಿಯಿತು. ಆ ಕ್ಷಣದ ತಾಪ ಎಂಬತ್ತೆರಡೇ.

ಅತ್ತೆ ಸರ್ರನೆ ತಿರುಗಿದರು. “ನೀನು ಕೈ ಹಾಕೋ ಮುಂಚೆ ಒಂದು ಗಂಟೆಯಾದ್ರೂ ಓಡ್ತಿತ್ತು.”

ಮಾತು ಚುಚ್ಚಿತು. ಕೋಲ್ಡ್ ಸ್ಟೋರೇಜಿನಲ್ಲಿ ಮ್ಯಾನೇಜರ್ ಅಂದಿದ್ದರೆ ಸೊಸೆ ಬಾಯಿಗೆ ಬಾಯಿ ಕೊಡುತ್ತಿದ್ದಳು. ಇಲ್ಲಿ ನೋಟ್‌ಬುಕ್ಕಿನ ಹಾಳೆ ತಿರುವಿದಳು. ಬಿಸಿಯ ತೊಂದರೆ ತೀರಿದೆ, ಅಂಕಿಗಳು ಸುಳ್ಳು ಹೇಳುವುದಿಲ್ಲ. ಹಾಗಾದರೆ ಬಿಸಿಯ ಹಿಂದೆ ಇನ್ನೊಂದು ತೊಂದರೆ ಅಡಗಿ ಕೂತಿತ್ತು. ಇದು ಅವಳಿಗೆ ಗೊತ್ತಿಲ್ಲದ ಜಾಗ. ಅದನ್ನು ಹೇಳಲು ಅವಳಿಗೆ ಸಂಕೋಚವೂ ಆಗಲಿಲ್ಲ.

“ಇಲ್ಲಿಂದ ಮುಂದೆ ನಂಗೆ ಗೊತ್ತಿಲ್ಲ ಅತ್ತೆ. ನೀವೇ ಹೇಳಿಕೊಡಿ. ತಣ್ಣಗಿದ್ರೂ ಯಾಕೆ ಬೀಳುತ್ತೆ?”

ಅತ್ತೆ ಕುರ್ಚಿಯನ್ನು ಅವಳ ಕಡೆ ತಿರುಗಿಸಿದರು. ಕಲಿಸಿ ಎಂದು ಕೇಳಿದವರಿಗೆ ಇಲ್ಲವೆಂದು ಹೇಳಿ ಗೊತ್ತಿದ್ದ ಜೀವವಲ್ಲ ಅದು. “ವೇಗ ಏರಿಸ್ದಂಗೆಲ್ಲಾ ವೋಲ್ಟೇಜ್ ಜಾಸ್ತಿ ಕೇಳುತ್ತೆ. ಸಾಲದೆ ಹೋದ್ರೆ ಲೆಕ್ಕ ತಪ್ಪುತ್ತೆ, ತಪ್ಪಿದ್ರೆ ಬೀಳುತ್ತೆ. ಈಗ ಒಂದು ಪಾಯಿಂಟ್ ನಾಲ್ಕು ಒಂದು ವೋಲ್ಟ್ ಕೊಟ್ಟಿದೀನಿ. ಇನ್ನೊಂಚೂರು ಏರಿಸ್ಬೇಕು.”

ಏರಿಸಿದರು. ತಾಪ ತೊಂಬತ್ತಮೂರಕ್ಕೆ ಹಾರಿತು. ಐವತ್ತೈದನೆಯ ನಿಮಿಷಕ್ಕೆ ಮತ್ತೆ ಬಿತ್ತು.

“ಇನ್ನೂ ಒಂಚೂರು,” ಎಂದರು ಅತ್ತೆ.

“ಏರಿಸಿದ್ರೆ ಬಿಸಿ. ಬಿಸಿಯಾದ್ರೆ ಇನ್ನೂ ಬೇಕು ಅನ್ನುತ್ತೆ. ನಿನ್ನೆ ನಾವು ಗಳಿಸಿದ್ದನ್ನೆಲ್ಲ ಇದು ತಿಂದುಹಾಕ್ತಾ ಇದೆ ಅತ್ತೆ. ವೇಗ ಇಳಿಸಿ ನೋಡೋಣ.”

“ಐದು ಪಾಯಿಂಟ್ ಮೂರು ಇಳಿಸಲ್ಲ.”

ಅದು ಮಾತು ಮುಗಿಸುವ ದನಿ. ಮಗ ಪೇಪರನ್ನು ಮುಖಕ್ಕೆ ಹತ್ತಿರ ತಂದುಕೊಂಡ. ಸೊಸೆ ಬಿಡಲಿಲ್ಲ. ಸೆಮಿಫೈನಲ್ ದಿನ ಕಂಪ್ಯೂಟರ್ ತಾನೇ ಉಳಿಸಿಟ್ಟಿದ್ದ ವೇಗದ ದಾಖಲೆಯನ್ನು ತೆರೆಯಲು ಕೇಳಿದಳು. ಗೆರೆ ಮೇಲಿತ್ತು, ಬಿತ್ತು, ಎದ್ದಿತು, ಮತ್ತೆ ಬಿತ್ತು. ಐದು ಪಾಯಿಂಟ್ ಮೂರರಲ್ಲಿ ಅದು ಓಡಿದ್ದು ಆಟದ ಅರ್ಧ ಭಾಗವೂ ಅಲ್ಲ.

“ಅತ್ತೆ, ನಿಮ್ಮ ಕ್ಲಾಸಲ್ಲಿ ಒಬ್ಬಳು ನಿಮಿಷಕ್ಕೆ ತೊಂಬತ್ತು ಪದ ಹೊಡೆದು ಇಪ್ಪತ್ತು ತಪ್ಪು ಮಾಡಿದ್ರೆ ಎಷ್ಟು ಅಂತ ಬರೀತಿದ್ರಿ?”

“ತಪ್ಪು ಕಳೆದು ಬರೀತಿದ್ದೆ.” ಅತ್ತೆಗೆ ಉತ್ತರ ಬಾಯಿಗೆ ಬಂದಿದ್ದು ಅಭ್ಯಾಸದಿಂದ. ಆಮೇಲೆ ಗೆರೆಯನ್ನು ಇನ್ನೊಮ್ಮೆ ನೋಡಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಹಾಕಿಕೊಂಡು ಮತ್ತೊಮ್ಮೆ ನೋಡಿದರು. “ಬೆಕ್ಕಿನ ಹಾಗೆ ಬರ್ತೀಯ ಕಣೆ ನೀನು, ಸದ್ದೇ ಇಲ್ಲ,” ಎಂದು ಗೊಣಗಿ ಕೀಲಿಮಣೆ ಎಳೆದುಕೊಂಡರು.

ಐದು ಪಾಯಿಂಟ್ ಎರಡಕ್ಕೆ ಇಳಿಸಿದಾಗ ಎರಡು ಗಂಟೆಯ ನಂತರ ಒಂದು ತಪ್ಪು. ಐದು ಪಾಯಿಂಟ್ ಒಂದು. ವೋಲ್ಟೇಜನ್ನು ಅತ್ತೆ ತಾವೇ ಒಂದು ಪಾಯಿಂಟ್ ಮೂರಕ್ಕೆ ಇಳಿಸಿದರು. ಇಷ್ಟು ಸಾಕು, ನೋಡ್ತಿರು ಎಂದರು. ಪರೀಕ್ಷೆ ಊಟದ ಹೊತ್ತು ದಾಟಿತು, ಬಟ್ಟೆ ಒಣಗುವ ಹೊತ್ತು ದಾಟಿತು. ನೋಟ್‌ಬುಕ್ಕಿನಲ್ಲಿ ಎಪ್ಪತ್ತಮೂರು, ಎಪ್ಪತ್ತನಾಲ್ಕು, ಎಪ್ಪತ್ತಮೂರು ಎಂಬ ಅಂಕಿಗಳು ಕಾಲುಗಂಟೆಗೊಂದರಂತೆ ಕೆಳಗಿಳಿದವು. ಸೊಸೆ ಎದ್ದುಹೋದಾಗ ಅತ್ತೆ ಬರೆದರು. ಸಂಜೆ ಆರಕ್ಕೆ, ನಾಲ್ಕು ಗಂಟೆ ಪೂರ್ತಿಯಾದಾಗ, ಅತ್ತೆ ಕ್ಯಾಪ್ಟನ್ನಿಗೆ ಫೋನ್ ಮಾಡಿ ಒಂದೇ ಮಾತು ಹೇಳಿದರು. “ನಾಳೆ ನಾನೇ ಕೂರ್ತೀನಿ.”

ಭಾನುವಾರ ಮೂರು ಗಂಟೆಗೆ ಫೈನಲ್. ಮೊದಲ ಆಟ ಇವರದು, ಎರಡನೆಯದು ಅವರದು. ಮೂರನೆಯದು ಜಗ್ಗಾಡಿತು. ನಲವತ್ತನೆಯ ನಿಮಿಷಕ್ಕೆ, ಪಕ್ಕದ ಮಣೆಯ ಮೇಲೆ ಕೂತಿದ್ದ ಸೊಸೆ ತಾಪ ಎಪ್ಪತ್ತೊಂಬತ್ತಕ್ಕೆ ಏರಿರುವುದನ್ನು ಕಂಡಳು. ಎಂಬತ್ತೊಂದು. ಎಂಬತ್ತಮೂರು. ಅತ್ತೆಗೆ ಹೇಳಿದರೆ ಆಟದ ಮೇಲಿನ ಗಮನ ಹೋಗುತ್ತದೆ. ಪೆಟ್ಟಿಗೆಯ ಸುತ್ತ ನೋಡಿದಳು. ಇಳಿಬಿಸಿಲು ಕಿಟಕಿ ದಾಟಿ ಗಾಜಿನ ಮೇಲೆ ನೇರ ಬಿದ್ದಿತ್ತು. ರೇಡಿಯೇಟರ್ ಊದುತ್ತಿದ್ದ ಬಿಸಿಗಾಳಿ ಮೇಲಿನ ಪುಸ್ತಕದ ಹಲಗೆಗೆ ಬಡಿದು ವಾಪಸು ಇಳಿಯುತ್ತಿತ್ತು. ಪರೀಕ್ಷೆ ಮಾಡಿದ ಶನಿವಾರ ಮೋಡ ಕವಿದಿತ್ತು.

ಅವಳು ಎದ್ದು ಕಿಟಕಿಯ ಪರದೆ ಎಳೆದಳು. ಗಂಡನಿಗೆ ಸನ್ನೆ ಮಾಡಿದಳು. ಇಬ್ಬರೂ ಸದ್ದಿಲ್ಲದೆ ಹಲಗೆಯ ಪುಸ್ತಕಗಳನ್ನೆಲ್ಲ ಇಳಿಸಿ, ಹಲಗೆಯನ್ನೇ ಎತ್ತಿ ಹೊರಗಿಟ್ಟರು. ಅತ್ತೆ ಕತ್ತು ತಿರುಗಿಸಲಿಲ್ಲ. ಬೆರಳುಗಳು ಒಂದಾದಮೇಲೊಂದು ಕೀಲಿ ಒತ್ತುತ್ತ, ಮೂವತ್ತೊಂದು ವರ್ಷದ ವೇಗದಲ್ಲಿ ಓಡುತ್ತಿದ್ದವು. ಅಂಕಿ ಒಂದು ನಿಮಿಷ ಅಲ್ಲೇ ನಿಂತು, ಎಂಬತ್ತಕ್ಕೆ, ಎಪ್ಪತ್ತಾರಕ್ಕೆ ಇಳಿಯಿತು. ಐವತ್ತೆರಡನೆಯ ನಿಮಿಷದಲ್ಲಿ ಕೆಂಪಿರುವೆಯ ಸೈನ್ಯ ಎದುರಾಳಿಯ ಕೊನೆಯ ಗಣಿಯನ್ನು ಕಿತ್ತುಕೊಂಡಿತು.

ಸ್ಪೀಕರಿನಲ್ಲಿ ನಾಲ್ವರೂ ಒಟ್ಟಿಗೆ ಮಾತಾಡತೊಡಗಿದರು. ಅತ್ತೆ ಅವರ ಗಲಾಟೆ ಇಳಿಯುವ ತನಕ ಕಾದು, “ನನ್ನ ಸೊಸೆ ಪಕ್ಕದಲ್ಲಿದಾಳೆ, ಅವಳಿಗೂ ಒಂದು ಮಾತು ಹೇಳಿ,” ಎಂದರು.

“ಸೊಸೆನಾ?” ಎಂದ ಕ್ಯಾಪ್ಟನ್. ಮೇಡಂಗೆ ಮೂವತ್ತಿರಬಹುದು ಎಂದುಕೊಂಡಿದ್ದ ನಾಲ್ವರೂ ಒಳಗೊಳಗೇ ಲೆಕ್ಕ ಹಾಕುತ್ತಿದ್ದರು.

ಮಾರನೆಯ ಬೆಳಿಗ್ಗೆ ಸೊಸೆ ಕೆಲಸಕ್ಕೆ ಹೊರಟಾಗ ಅತ್ತೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. ಆ ಕಂಪ್ರೆಸರ್ ಎನ್ನುವುದನ್ನು ಒಮ್ಮೆ ಕಣ್ಣಾರೆ ನೋಡಬೇಕಂತೆ. ಸೊಸೆ ಮ್ಯಾನೇಜರಿಗೆ ಹೇಳಿ ಒಪ್ಪಿಗೆ ಪಡೆದಳು. ಮೊಣಕಾಲು ಮುಚ್ಚುವ ಉದ್ದದ ದಪ್ಪ ಜಾಕೆಟ್ ತೊಟ್ಟು ಅತ್ತೆ ಎರಡನೆಯ ಶೀತಕೋಣೆಯೊಳಗೆ ಕಾಲಿಟ್ಟರು, ಮೂಟೆಗಳ ಸಾಲನ್ನು ಒಮ್ಮೆ ನೋಡಿದರು, ಗೋಡೆಯ ಮೀಟರಿನ ಮುಂದೆ ಹೋಗಿ ಕನ್ನಡಕ ಸರಿಮಾಡಿಕೊಂಡರು.

“ಮೂರು ಪಾಯಿಂಟ್ ಐದು ಡಿಗ್ರಿ,” ಎಂದು ಗಟ್ಟಿಯಾಗಿ ಓದಿದರು. “ಬರ್ಕೋ.”