ಗಾಡಿಯ ತುಲಾಭಾರ

ನಮ್ಮ ಅತ್ತೆ ಕಸ್ತೂರೆವ್ವ ಚಹಾ ಬಿಟ್ಟರು. ಅನ್ನ ಬಿಟ್ಟಿದ್ದರೆ ಇಷ್ಟು ತ್ರಾಸಾಗುತ್ತಿರಲಿಲ್ಲ, ರೊಟ್ಟಿ ತಿಂದುಕೊಂಡು ಇರುತ್ತಿದ್ದರು. ಮಗನ ಜೊತೆ ಮಾತು ಬಿಟ್ಟಿದ್ದರೂ ನಡೆಯುತ್ತಿತ್ತು, ಅದರಲ್ಲಿ ಕಳೆದುಕೊಳ್ಳುವಂಥದ್ದೇನೂ ಇಲ್ಲ. ಆ ಮಗ ನನ್ನ ಗಂಡ, ನನಗೆ ಗೊತ್ತು. ಆದರೆ ಅವರು ಬಿಟ್ಟದ್ದು ಚಹಾ. ಪೆಟ್ಟು ನೇರ ನನ್ನ ಮೇಲೆ ಬಿತ್ತು.

ಇಂಡಿ ಊರಿನ ನಮ್ಮ ಮನೆಯಲ್ಲಿ ಹದಿನೆಂಟು ವರ್ಷಗಳಿಂದ ಬೆಳಗಿನ ಐದೂವರೆಗೆ ಎರಡು ಕಪ್ ಚಹಾ ಆಗುತ್ತದೆ. ಒಂದು ಅತ್ತೆಯದು, ಒಂದು ನನ್ನದು. ಅವರು ಬಸಿಗೆ ಸುರಿದುಕೊಂಡು ಸುರ್ ಎಂದು ಎಳೆಯುತ್ತಾರೆ, ನಾನು ಕಪ್ಪು ಹಿಡಿದು ಗೋಡೆಗೆ ಒರಗುತ್ತೇನೆ, ಮತ್ತು ಇಬ್ಬರೂ ಸೇರಿ ಊರನ್ನು ಆಡಿಕೊಳ್ಳುತ್ತೇವೆ. ಯಾರ ಮನೆಯ ನಿಶ್ಚಯದಲ್ಲಿ ಹೋಳಿಗೆ ಒಡೆದಿದ್ದವು, ಯಾರು ಹೊಸ ಬಂಗಾರವೆಂದು ಹಳೆಯದನ್ನೇ ತೊಳೆದು ಹಾಕಿಕೊಂಡಿದ್ದರು, ನನ್ನ ಗಂಡ ಹೇಗೆ ತಾಸುಗಟ್ಟಲೆ ಹಲ್ಲು ಉಜ್ಜುತ್ತಾರೆ, ಎಲ್ಲವೂ ಬರುತ್ತದೆ. ಆರೂವರೆಗೆ ಸಭೆ ಮುಗಿಯುತ್ತದೆ. ಆಮೇಲೆ ಅವರು ಅತ್ತೆ, ನಾನು ಸೊಸೆ. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ನಾಲ್ಕು ಮಂದಿಯ ಮುಂದೆ ಹೇಳಲು ಅವರು ಹಿಂದೆಮುಂದೆ ನೋಡುವುದಿಲ್ಲ. ಆ ಒಂದು ತಾಸಿನ ಬಲದ ಮೇಲೆ ನಾನು ಉಳಿದ ಇಪ್ಪತ್ಮೂರು ತಾಸು ಈ ಮನೆಯಲ್ಲಿದ್ದೇನೆ ಎಂದರೂ ತಪ್ಪಲ್ಲ.

ಅದು ನಿಂತದ್ದು ಮೋಟರ್‌ಸೈಕಲ್ಲಿನಿಂದ.

ಡಿಸೆಂಬರಿನಲ್ಲಿ ತಾಯಿ ಮಗ ಇಬ್ಬರೂ ದೇವಣಗಾಂವಕ್ಕೆ ಬಸುರಿಯೊಬ್ಬಳ ಕುಬಸದ ಊಟಕ್ಕೆ ಹೋಗಿದ್ದರು. ನಮ್ಮ ಮನೆಯವರ ಹೆಸರು ಸಂಜೀವಕುಮಾರ, ಹನಿ ನೀರಾವರಿಯ ಪೈಪು ಮಾರುವ ಅಂಗಡಿ ಇಟ್ಟಿದ್ದಾರೆ. ಬರುವಾಗ ಯಾರದೋ ಹೊಲದಲ್ಲಿ ಎದುರಾಳಿ ಅಂಗಡಿಯ ಪೈಪು ಕಂಡಿತಂತೆ. ಅದು ಸೋರುತ್ತಿದೆಯೋ ಇಲ್ಲವೋ ಎಂದು ಕತ್ತು ಹೊರಳಿಸಿ ನೋಡುತ್ತ ಗಾಡಿಯನ್ನು ರಸ್ತೆ ಬಿಡಿಸಿ ಕಬ್ಬಿನೊಳಗೆ ನುಗ್ಗಿಸಿದರು. ಗಾಡಿ ನಾಲ್ಕು ಸಾಲು ಕಬ್ಬು ಮಲಗಿಸಿ ನೆಟ್ಟಗೆ ನಿಂತಿತು. ಯಾರೂ ಬೀಳಲಿಲ್ಲ. ಅತ್ತೆಯ ತಲೆಯ ಮೇಲಿನ ಸೆರಗು ಕೂಡ ಜಾರಿರಲಿಲ್ಲ.

ಅತ್ತೆ ಅಲ್ಲೇ ಕಬ್ಬಿನ ನಡುವೆ ಕೈಮುಗಿದು, ತವರೂರು ತಂಗಡಗಿಯ ಓಣಿಯ ವೀರಭದ್ರನನ್ನು ನೆನೆದರು. "ಯಪ್ಪಾ ವೀರಭದ್ರಾ, ನಮ್ಮಿಬ್ಬರನ್ನೂ ಉಳಿಸಿದ್ದು ಈ ಗಾಡಿ. ನಿನ್ನ ಮುಂದ ಇದಕ್ಕ ಬೆಲ್ಲದ ತುಲಾಭಾರ ಮಾಡಸ್ತೇನಿ. ಅಲ್ಲೀತನಕ ಚಹಾ ಮುಟ್ಟಂಗಿಲ್ಲ."

ನಮ್ಮ ಮನೆಯವರು ಪಕ್ಕದಲ್ಲೇ ನಿಂತಿದ್ದರು. 'ಯವ್ವಾ, ಚಹಾ ಬ್ಯಾಡ, ಬದನಿಕಾಯಿ ಬಿಡು' ಎನ್ನುವ ಬುದ್ಧಿ ಅವರಿಗೆ ಬರಲಿಲ್ಲ.

ಮರುದಿನ ಐದೂವರೆಗೆ ಅಡುಗೆಮನೆಯಲ್ಲಿ ನಾನೊಬ್ಬಳೇ. ಅತ್ತೆ ಪಡಸಾಲೆಯಲ್ಲಿ ಜಪಮಾಲೆ ಹಿಡಿದು ಗೋಡೆ ನೋಡುತ್ತ ಕೂತಿದ್ದರು. ಬಾದಾಮಿ ಹಾಲು ಮಾಡಿಕೊಟ್ಟೆ, ಕುಡಿದು ಲೋಟ ಇಟ್ಟರು. ಶುಂಠಿ ಕಷಾಯ ಮಾಡಿಕೊಟ್ಟೆ. ಪಕ್ಕದ ಮನೆಯವರ ಸೊಸೆ ತವರಿಗೆ ಹೋದ ಸುದ್ದಿಯನ್ನು ಅದರ ಜೊತೆಗೇ ತಂದಿದ್ದೆ, ಬಹಳ ರುಚಿಯಾದ ಸುದ್ದಿ. ಅತ್ತೆ ಕೇಳಿಸಿಕೊಂಡು, "ಕಷಾಯದ ಮ್ಯಾಲ ಮಾತು ಹೊಂಡಂಗಿಲ್ಲ ಸುನಂದಾ" ಎಂದು ಕಣ್ಣು ಮುಚ್ಚಿದರು. ಈ ಹರಕೆಯನ್ನು ಇದೇ ವಾರ ತೀರಿಸಿಬಿಡಬೇಕೆಂದು ಅವತ್ತೇ ನಿಶ್ಚಯಿಸಿದೆ.

ತಂಗಡಗಿಯ ಪೂಜಾರಿ ಚನ್ನಬಸಯ್ಯನವರಿಗೆ ನಾನೇ ಫೋನು ಮಾಡಿದೆ. ಗಾಡಿಗೆ ತುಲಾಭಾರ ಎಂದರೆ ನಗುತ್ತಾರೆ ಅಂದುಕೊಂಡಿದ್ದೆ. ಅವರು ನಗಲಿಲ್ಲ.

"ಗಾಡಿಗೆ ಅಡ್ಡಿಯಿಲ್ಲವಾ. ಹೊಲಿಗಿ ಮಷಿನ್ ತೂಗೇವಿ, ನೀರಿನ ಮೋಟರ್ ತೂಗೇವಿ. ಆದ್ರ ನಮ್ಮ ತಕ್ಕಡಿ ಒಂದು ಕ್ವಿಂಟಲ್ ಹತ್ತು ಕಿಲೋದ ಮ್ಯಾಲ ತಡಿಯಂಗಿಲ್ಲ. ಹ್ವಾದ ವರ್ಷ ಬಾಗೇವಾಡಿ ಕಡೆಯವರು ಒಬ್ಬ ಗುತ್ತಿಗೆದಾರರು ಕುಂತಿದ್ರು, ಸರಪಳಿ ಹರೀತು. ಅವರ ಹರಕಿ ಅರ್ಧಕ್ಕ ನಿಂತೈತಿ."

ಪೆಟ್ರೋಲು ಪೂರಾ ಇಳಿಸಿ, ಲಿಂಬೆಕಾಯಿ ವ್ಯಾಪಾರಿಯ ದೊಡ್ಡ ತಕ್ಕಡಿಯ ಮೇಲೆ ಗಾಡಿ ನಿಲ್ಲಿಸಿ ತೂಗಿದೆವು. ಒಂದು ಕ್ವಿಂಟಲ್ ಹದಿನಾಲ್ಕು ಕಿಲೋ. ನಾಲ್ಕು ಕಿಲೋ ಹೆಚ್ಚು.

"ಅದರಾಗೇನೈತಿ?" ಎಂದರು ನಮ್ಮ ಮನೆಯವರು. "ಗಾಲಿ ಬಿಚ್ಚಿ ತೂಗೂಣು."

ಅತ್ತೆಗೆ ಸಿಟ್ಟು ಬಂತು. "ನಿನ್ನ ಹರಕಿ ಇದ್ರ ನಿನ್ನ ಕೈಕಾಲು ಬಿಚ್ಚಿಟ್ಟು ತೂಗಲೇನು? ಗಾಡಿ ಅಂದ್ರ ಪೂರಾ ಗಾಡಿ."

ಕಾರ್ಖಾನೆಯ ಕಬ್ಬಿನ ಲಾರಿ ತೂಗುವ ಕಾಟಾ ಆಗುವುದಿಲ್ಲ, ಅದು ದೇವರ ಎದುರಿಗಿಲ್ಲ. ಸಣ್ಣ ಗಾಡಿ ಕೊಂಡರೂ ಆಗುವುದಿಲ್ಲ, ಉಳಿಸಿದ್ದು ಅದಲ್ಲ. ಹೀಗೆ ಎಂಟು ದಿನ ಹೋದವು. ಒಂಬತ್ತನೆಯ ಬೆಳಿಗ್ಗೆ ಒಬ್ಬಳೇ ಚಹಾ ಕುಡಿಯುತ್ತ ಕಟ್ಟೆಯ ಮೇಲಿನ ನೀರಿನ ಬಟ್ಟಲಲ್ಲಿದ್ದ ಅತ್ತೆಯ ಹಲ್ಲಿನ ಸೆಟ್ಟು ನೋಡಿದೆ, ಮತ್ತು ದಾರಿ ಹೊಳೆಯಿತು. ಬಟ್ಟಲು ಸಮೇತ ಪಡಸಾಲೆಗೆ ಓಡಿದೆ.

"ಅತ್ತಿ, ಇವು ಹುಟ್ಟುವಾಗ ಬಂದ ಹಲ್ಲಲ್ಲ ಹೌದಲ್ರಿ?"

"ಅಲ್ಲ. ಸಿಂದಗಿ ಡಾಕ್ಟರ್ ಕೊಟ್ಟದ್ದು."

"ಇವನ್ನ ಹಾಕ್ಕೊಂಡ್ರ ನೀವು ಕಸ್ತೂರೆವ್ವನs ಹೌದೋ ಅಲ್ಲೋ?"

ಅತ್ತೆ ಸೆಟ್ಟನ್ನು ಬಾಯಿಗೆ ಹಾಕಿಕೊಂಡು, ದವಡೆ ಆಡಿಸಿ ನೋಡಿ, "ಹೌದs ಹೌದು" ಎಂದರು. ಗಾಡಿಯ ಗಾಲಿ ಬಿಚ್ಚಿಡುವಂತಿಲ್ಲ, ಬದಲಿಸಿದರೆ ಅಡ್ಡಿಯಿಲ್ಲ ಎಂದು ತೀರ್ಮಾನವಾಯಿತು. ಹಗುರ ಗಾಲಿ ಹಾಕಿಸಬೇಕು, ಅಷ್ಟೇ.

ಅಷ್ಟೇ ಎಂದದ್ದು ತಪ್ಪಾಯಿತು. ಈ ಕೆಲಸವನ್ನು ನಮ್ಮ ಮನೆಯವರು ತಮ್ಮ ಮೇಲೆ ಹಾಕಿಕೊಂಡರು. ಮೂರು ದಿನ ಮೊಬೈಲಿನಲ್ಲಿ ಗಾಲಿಗಳನ್ನೇ ನೋಡಿದರು. ವಿಜಯಪುರಕ್ಕೆ ಹೋಗಿ ಅಲಾಯ್ ಗಾಲಿ ಹಾಕಿಸಿಕೊಂಡು ಬಂದರು. ಕಪ್ಪು ಬಣ್ಣ, ಅಂಚಿಗೆ ಕೆಂಪು ಗೆರೆ. "ರೇಸಿನ ಗಾಡಿಗೆ ಇವನ್ನs ಹಾಕ್ತಾರ. ಗಾಳಿ ಇದ್ದಂಗ ಅದಾವು" ಎಂದು ಓಣಿಯ ತುಂಬ ಹೇಳಿದರು. ಲಿಂಬೆ ವ್ಯಾಪಾರಿಯ ತಕ್ಕಡಿಯ ಮೇಲೆ ಹತ್ತಿಸಿದೆವು. ಒಂದು ಕ್ವಿಂಟಲ್ ಹದಿನೈದೂವರೆ.

ಗಾಡಿ ದಪ್ಪಗಾಗಿತ್ತು. ನಮ್ಮ ಮನೆಯವರು ತಕ್ಕಡಿಗೆ ಒದ್ದರು. ವ್ಯಾಪಾರಿ ಅವರಿಗೆ ಒದೆಯುವುದೊಂದು ಬಾಕಿ.

ಸಿಟ್ಟಿನಲ್ಲಿ ಗಾಡಿಯನ್ನೂ ಗಂಡನನ್ನೂ ಸಿಂದಗಿಯ ಮೀರಾಸಾಬರ ಗ್ಯಾರೇಜಿಗೆ ಕರೆದುಕೊಂಡು ಹೋದೆ. ಮೀರಾಸಾಬರು ಮೂವತ್ತು ವರ್ಷದಿಂದ ಗಾಡಿ ರಿಪೇರಿ ಮಾಡುವವರು, ಗಿರಾಕಿಯ ಮಾತು ಪೂರ್ತಿ ಕೇಳಿದ ಮೇಲೆಯೇ ನಗುವವರು. ಕೇಳಿದರು, ನಕ್ಕರು, ಕಣ್ಣೊರೆಸಿಕೊಂಡರು.

"ಸಾವ್ಕಾರ್ರ, ಅಲಾಯ್ ಅಂದಕೂಡ್ಲೆ ಹಗರ ಅಂತ ಯಾರು ಹೇಳಿದ್ರು? ಇದು ಎರಕದ ಗಾಲಿ. ಬರೇ ನೋಡಾಕ ಚಂದ. ನಿಮ್ಮ ತಂತಿ ಗಾಲಿನs ಇದಕ್ಕಿಂತ ಹಗರ ಇದ್ವು."

"ಮತ್ತ ಈಗ?"

"ಅಲ್ಯೂಮಿನಿಯಂ ರಿಮ್, ಸಣ್ಣ ಹಬ್, ತೆಳು ಟಾಯರ್. ಸೊಲ್ಲಾಪುರದಿಂದ ತರಸ್ತೇನಿ. ತಂತಿ ನಾನs ಕಟ್ತೇನಿ. ಐದು ಕಿಲೋ ಇಳಿಸಿ ಕೊಡ್ತೇನಿ, ಆದ್ರ ಅವಸರ ಮಾಡಬ್ಯಾಡ್ರಿ."

ಅವಸರ ಮಾಡದೆ ಹೇಗಿರಲಿ? ಮನೆಯಲ್ಲಿ ಅತ್ತೆ ದಿನೇ ದಿನೇ ಸಾಧುವಾಗುತ್ತಿದ್ದರು. ಸಾರಿಗೆ ಉಪ್ಪು ಹೆಚ್ಚಾದರೂ ಸುಮ್ಮನೆ ಉಣ್ಣುತ್ತಿದ್ದರು. ಒಂದು ದಿನ ಬೇಕೆಂದೇ ಎರಡು ಚಮಚ ಹೆಚ್ಚಿಗೆ ಹಾಕಿದೆ. "ಚೊಲೋ ಆಗೇತವ್ವಾ" ಎಂದರು. ನಾನು ಹಿತ್ತಲಿಗೆ ಹೋಗಿ ಕಣ್ಣೀರು ಹಾಕಿದೆ.

ರಿಮ್ಮು ಬರಲು ಎರಡು ತಿಂಗಳಾಯಿತು. ಮೀರಾಸಾಬರು ಒಂದೊಂದು ತಂತಿಯನ್ನೂ ಬೆರಳಿನಿಂದ ಮೀಟಿ, ಸದ್ದು ಕೇಳಿ, ಬಿಗಿ ಮಾಡಿದರು. ಗಾಲಿ ತಿರುಗಿಸಿದರೆ ಒಂದಿಷ್ಟೂ ಅಲ್ಲಾಡಲಿಲ್ಲ. ಹೊಸ ಗಾಲಿಯ ಗಾಡಿ ನೋಡಲು ಒಣಕಲಾಗಿತ್ತು, ಉಪವಾಸ ಬಿದ್ದ ಮಿಡತೆಯ ಹಾಗೆ. ತೂಗಿದರು. ಒಂದು ಕ್ವಿಂಟಲ್ ಒಂಬತ್ತು ಕಿಲೋ. ನಾನು ಗ್ಯಾರೇಜಿನಲ್ಲಿಯೇ ಚಪ್ಪಾಳೆ ಹೊಡೆದೆ.

ಎಪ್ಪತ್ತೆಂಟನೆಯ ದಿನ ಬೆಳಿಗ್ಗೆ ಗಾಡಿಯನ್ನು ಟೆಂಪೊದಲ್ಲಿ ಏರಿಸಿಕೊಂಡು ತಂಗಡಗಿಗೆ ಹೊರಟೆವು. ಗಾಡಿ ತನ್ನ ಗಾಲಿಯ ಮೇಲೆ ಹೋಗಬಾರದು, ಹಾದಿಯ ಮಣ್ಣು ಹತ್ತಿ ತೂಕ ಹೆಚ್ಚಾದೀತು ಎಂದು ನಮ್ಮ ಮನೆಯವರ ಅಪ್ಪಣೆ. ಮೀರಾಸಾಬರು ಪಾನಾ, ಸ್ಕ್ರೂಡ್ರೈವರುಗಳ ಚೀಲ ಹಿಡಿದು ಹಿಂದೆ ಗಾಡಿಯ ಪಕ್ಕದಲ್ಲಿ ಕೂತರು. ನಾನು ಚಹಾಪುಡಿ, ಸಕ್ಕರೆ, ಶುಂಠಿ, ನಮ್ಮ ಮನೆಯ ಕಪ್ಪು-ಬಸಿ ಎಲ್ಲ ಕಟ್ಟಿಕೊಂಡಿದ್ದೆ. ಮುದ್ದೇಬಿಹಾಳದಲ್ಲಿ ಎಮ್ಮೆ ಹಾಲು ಕೊಂಡೆ. ಹರಕೆ ತೀರಿದ ಮರುಗಳಿಗೆಯಲ್ಲಿ ಚಹಾ ಆಗಬೇಕಿತ್ತು ನನಗೆ.

ಹೊಳೆಯ ದಂಡೆಗೆ ಸಮೀಪದ ಸಣ್ಣ ಗುಡಿ. ಮಂಟಪದಲ್ಲಿ ತಕ್ಕಡಿ ತೂಗುಬಿಟ್ಟಿತ್ತು, ಒಂದು ಕಡೆ ಬೆಲ್ಲದ ಪೆಂಟೆಗಳ ಸಾಲು. ಗಾಡಿಗೆ ಹೂವಿನ ಹಾರ, ಹೆಡ್‌ಲೈಟಿಗೆ ವಿಭೂತಿ. ಇನ್ನೇನು ನಾಲ್ಕು ಜನ ಸೇರಿ ಗಾಡಿ ಎತ್ತಬೇಕು, ಚನ್ನಬಸಯ್ಯನವರು ಕೈ ಅಡ್ಡ ಹಿಡಿದರು.

"ಮೊದಲ ಮೆಟ್ಟು ಬಿಡಸ್ರಿ."

ಎಲ್ಲರೂ ನಮ್ಮ ನಮ್ಮ ಕಾಲು ನೋಡಿಕೊಂಡೆವು. ಚಪ್ಪಲಿ ಹೊರಗೇ ಇದ್ದವು.

"ನಿಮ್ಮದಲ್ರಿ, ಗಾಡೀದು. ಟಾಯರ್ ಅಂದ್ರ ಮೆಟ್ಟಲ್ಲೇನು? ಊರ ಹೊಲಸು ತುಳಿದದ್ದು ಅದs ಅಲ್ಲೇನು? ಮೆಟ್ಟು ಹಾಕ್ಕೊಂಡು ತಕ್ಕಡಿ ಏರಾಕ ಇಲ್ಲಿ ಯಾರಿಗೂ ಬಿಟ್ಟಿಲ್ಲ."

ಅತ್ತೆ ಒಪ್ಪಿ ತಲೆಯಾಡಿಸಿದರು. "ಖರೇ ಐತಿ ಅಯ್ನೋರು ಹೇಳೂದು. ಮೆಟ್ಟು ಬ್ಯಾರೆ, ಕಾಲು ಬ್ಯಾರೆ."

"ಫೋನಿನಾಗ ಹೇಳಿಲ್ಲಲ್ರಿ!" ಎಂದೆ ನಾನು.

"ಗುಡಿಗೆ ಮೆಟ್ಟು ಬಿಟ್ಟು ಬರ್ರಿ ಅಂತ ಯಾರಿಗರ ಫೋನಿನಾಗ ಹೇಳ್ಬೇಕೇನವಾ?"

ಮೀರಾಸಾಬರು ಗುಡಿಯ ಹೊರಗೆ ಕೂತು ಎರಡೂ ಟಾಯರು ಕಿತ್ತು, ನಮ್ಮ ಚಪ್ಪಲಿಗಳ ಪಕ್ಕ ಸಾಲಾಗಿ ಇಟ್ಟರು. ಬರಿಗಾಲಿನ ಗಾಡಿ ತಕ್ಕಡಿ ಏರಿತು. ಪೆಂಟೆಗಳು ಒಂದೊಂದಾಗಿ ಆ ಕಡೆ ಕೂತವು. ಎಣಿಕೆ ಮುಗಿದಾಗ ಮೀರಾಸಾಬರು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು.

"ಅಕ್ಕಾರ, ಒಂದು ಮಾತು. ಹಳೇ ಟಾಯರ್ ಎರಡೂ ಕೂಡಿ ಏಳು ಕಿಲೋ ಇದ್ವು. ಅವನ್ನ ಬಿಚ್ಚಿದ್ರ ಹಳೇ ಗಾಲಿ ಮ್ಯಾಲs ಗಾಡಿ ನೂರಾ ಏಳಕ್ಕ ಬರ್ತಿತ್ತು."

ಅಂದರೆ ಮೊದಲ ವಾರದಲ್ಲೇ ಮುಗಿಯುತ್ತಿತ್ತು. ಕೆಂಪು ಗೆರೆಯ ಗಾಲಿ ಬೇಕಿರಲಿಲ್ಲ, ಸೊಲ್ಲಾಪುರದ ರಿಮ್ಮು ಬೇಕಿರಲಿಲ್ಲ, ಅತ್ತೆ ಸಾಧುವಾಗುವುದು ಬೇಕಿರಲಿಲ್ಲ. ಮಾತು ನಮ್ಮ ಮನೆಯವರ ಕಿವಿಗೂ ಬಿತ್ತು. ಅವರು ಹೋಗಿ ಟಾಯರಿನ ಮೇಲೆ ಕೂತುಬಿಟ್ಟರು. ನನಗೆ ನಗಬೇಕೋ ಯಾರಿಗಾದರೂ ಹೊಡೆಯಬೇಕೋ ತಿಳಿಯಲಿಲ್ಲ. ಆದರೆ ಜಗಳಕ್ಕೆ ವೇಳೆ ಇರಲಿಲ್ಲ. ಹರಕೆ ತೀರಿತ್ತು.

ಪೂಜಾರಿಗಳ ಮನೆಯ ಒಲೆಯ ಮೇಲೆ ಚಹಾ ಇಟ್ಟೆ. ಶುಂಠಿ ಜಜ್ಜಿ ಹಾಕಿದೆ. ಎರಡು ಕಪ್ಪು ಸೋಸಿ ಗುಡಿಯ ಕಟ್ಟೆಗೆ ತಂದೆ. ಅತ್ತೆ ಬಸಿಗೆ ಸುರಿದುಕೊಂಡು, ಊದಿ, ಸುರ್ ಎಂದು ಒಮ್ಮೆ ಎಳೆದರು. ಬಾಯಲ್ಲೇ ಇಟ್ಟುಕೊಂಡು ನನ್ನ ಮುಖ ನೋಡಿದರು. ಕಷ್ಟಪಟ್ಟು ನುಂಗಿದರು.

"ಒಲ್ಲೆ ಸುನಂದಾ. ಬಾಯಿಗೆ ಹತ್ತವಲ್ದು. ಕಹಿ ಆಗಾಕತ್ತೈತಿ. ರುಚೀನs ಹೋಗೇತಿ ನೋಡು."

ಬಸಿ ಕೆಳಗಿಟ್ಟರು. ಇನ್ನು ಐದೂವರೆಗೆ ನಾನೊಬ್ಬಳೇ, ಅದು ಕಾಯಂ. ಕಪ್ಪು-ಬಸಿ ಎತ್ತಿಕೊಂಡು ಏಳಹೋದೆ.

ಅತ್ತೆ ನನ್ನ ಸೆರಗು ಹಿಡಿದು ಜಗ್ಗಿದರು. ಆ ಕಡೆ ಈ ಕಡೆ ನೋಡಿ ದನಿ ಇಳಿಸಿದರು.

"ಏಳತಿ ಯಾಕ? ಕೂಡು. ಆ ಅಯ್ನೋರನ್ನ ನೋಡಿದೇನು? ಗಾಡಿ ಮೆಟ್ಟು ಬಿಡಿಸಿದ್ರು, ತಾವು ಕಾಲುಚೀಲ ಹಾಕ್ಕೊಂಡು ಗುಡಿ ತುಂಬ ಅಡ್ಡಾಡಾಕತ್ತಾರ."

ನಾನು ಕೂತೆ. ಕಪ್ಪನ್ನು ಪಕ್ಕಕ್ಕೆ ಸರಿಸಿ ಅವರ ಹತ್ತಿರಕ್ಕೆ ಜರುಗಿದೆ.

"ಹರದಾವೇನ್ರಿ ಅತ್ತಿ?"

"ಹೆಬ್ಬೆರಳು ಹೊರಗ ಬಂದೈತಿ. ಅಂಥಾದ್ದರಾಗ ಅವರ ಹೆಂಡತಿ ಸೀರಿ ನೋಡು…"