ಹಳದಿ ಗೆರೆಯ ಆಚೆ ನಿಲ್ಲಿಸಿದ ಸ್ಟ್ರೆಚರ್

ನಾನು ಒಂದು ಸ್ಟ್ರೆಚರ್. ಹುಬ್ಬಳ್ಳಿಯ ವೆಲ್ಡಿಂಗ್ ಶೆಡ್ಡಿನಲ್ಲಿ ಬೆಂಕಿಯ ಕಿಡಿಗಳ ನಡುವೆ ಹುಟ್ಟಿದೆ. ಮೊದಲು ಒಂದು ಹೆರಿಗೆ ಆಸ್ಪತ್ರೆಯಲ್ಲಿದ್ದೆ. ಅಲ್ಲಿ ಅಳು, ಬೈಗುಳ ಎಲ್ಲ ಮುಗಿದ ಮೇಲೆ ಪೇಡೆ ಹಂಚುತ್ತಿದ್ದರು. ಅದು ಮುಚ್ಚಿದಾಗ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದೆ. ನನಗೆ ಹೆಚ್ಚಾಗಿ ಕಾಣುವುದು ಮಲಗಿದವರ ಬೆನ್ನು, ನಿಂತವರ ಹೊಟ್ಟೆ. ಡಾಕ್ಟರ್ ಇನಾಮದಾರರ ಹೊಟ್ಟೆಯಂತೂ ಅವರಿಗಿಂತ ಮುಂಚೆ ಬರುತ್ತಿತ್ತು.

ಈ ಇನಾಮದಾರರಿಗೆ ಸಂಶೋಧನೆಯ ಹುಚ್ಚು ಹಿಡಿಯಿತು. ಎದೆನೋವಿನವರು ಬಾಗಿಲು ದಾಟಿದ ಮೇಲೆ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನನ್ನು ಎಷ್ಟು ಬೇಗ ಕೊಡಬಹುದೆಂದು ಅಳೆಯುವುದು. ಒಳ್ಳೆಯ ಕೆಲಸವೇ. ಬಾಗಿಲಲ್ಲಿ ಹಳದಿ ಗೆರೆ ಎಳೆದರು. ನನ್ನ ಮುಂದಿನ ಗಾಲಿ ಅದನ್ನು ದಾಟಿದೊಡನೆ ನರ್ಸ್ ಗಡಿಯಾರ ಒತ್ತಬೇಕು. ಮೊದಲ ವಾರದ ವೇಗ ನೋಡಿದರೆ ಮಾನ ಹೋಗುವಂತಿತ್ತು. ಜಾಣರು ಏನು ಮಾಡಿದರು ಗೊತ್ತೇ? ರೋಗಿಯನ್ನೇ ಹೊರಗೆ ನಿಲ್ಲಿಸತೊಡಗಿದರು! ಸಾಹೇಬರು ಚಹಾ ಮುಗಿಸಿ, ಸಿರಿಂಜು ತುಂಬಿ ಸಿದ್ಧವಾಗುವ ತನಕ ನಾನು ಬಾಗಿಲ ಹೊರಗಿನ ಇಳಿಜಾರಿನಲ್ಲಿ. ಆಮೇಲೆ ಒಳಗೆ ಓಟ. ಎಂಥ ವೇಗ, ಎಂಥ ವಿಜ್ಞಾನ!

ಒಂದು ಮಧ್ಯಾಹ್ನ, ಖಾನಾವಳಿಗೆ ರೊಟ್ಟಿ ಬಡಿದುಕೊಡುವ ಸಾವಂತ್ರವ್ವನನ್ನು ಎದೆನೋವೆಂದು ತಂದು ನನ್ನ ಮೇಲೆ ಮಲಗಿಸಿದರು. ಅವಳ ಬೆವರಿಗೆ ನನ್ನ ರೆಕ್ಸಿನ್ ತೊಯ್ದುಹೋಯಿತು. ಜೊತೆಗೆ ನಾದಿನಿ ಚಂದ್ರವ್ವ. ಎದೆಯ ಮೇಲೆ ‘ಯಮನಪ್ಪ’ ಎಂಬ ಬಿಲ್ಲೆ ಸಿಕ್ಕಿಸಿಕೊಂಡ ವಾರ್ಡಿನ ಆಳು ಗೆರೆಯ ಮುಂದೆ ನನ್ನನ್ನು ನಿಲ್ಲಿಸಿದ.

"ಯಾಕ್ ನಿಂತಿ?" ಎಂದಳು ಚಂದ್ರವ್ವ.

"ತಡೀಬೇ, ಒಳಗ ತಯಾರಿ ನಡದೈತಿ."

"ಏನ್ ತಯಾರಿ, ಸೋಬಾನ ಹಾಡ್ತಾರೇನು? ನಮ್ ವೈನಿ ಮಾರಿ ನೋಡಲ್ಲಿ, ಹೆಂಗ ಬಿಳಚೈತಿ!"

"ನಾ ಏನ್ ಮಾಡ್ಲಿ? ಗೆರಿ ದಾಟಿದ್ರ ಟೈಮ್ ಸುರು ಆಗತೈತಿ."

"ಆಕಿ ಟೈಮ್ ಮನ್ಯಾಗ ಸುರು ಆಗೇತೋ, ಯಮನಪ್ಪ! ಹೆಸರು ಬರೋಬ್ಬರಿ ಇಟ್ಟಾರ ನಿನಗ."

ಸಾವಂತ್ರವ್ವನ ಕಣ್ಣು ಮೇಲಾಯಿತು. ಚಂದ್ರವ್ವ ಮೊಣಕೈಯಿಂದ ಅವನನ್ನು ತಿವಿದು ಸರಿಸಿ, ನನ್ನನ್ನು ಒಳಕ್ಕೆ ನೂಕಿದಳು. ನೇರ ಹೋಗಿ ಇನಾಮದಾರರ ಹೊಟ್ಟೆಗೆ ಬಡಿದೆ. ಚಹಾ ಚೆಲ್ಲಿತು. ನನ್ನ ಬಾಳಿನಲ್ಲಿ ಅಂಥ ಸುಖ ಇನ್ನೊಂದಿಲ್ಲ.

"ಗಡಿಯಾರ ಒತ್ತಬ್ಯಾಡ್ರಿ!" ಎಂಬುದೇ ಅವರ ಮೊದಲ ಮಾತು. ನಾಡಿ ಹಿಡಿದದ್ದು ಆಮೇಲೆ. ನರ್ಸ್ ಒತ್ತಿಯಾಗಿತ್ತು. ಅದು ಓಡುತ್ತಿದ್ದುದಕ್ಕೆ ಹೆದರಿ ಅವರೂ ಓಡಿದರು. ಇಂಜೆಕ್ಷನ್ ಬಿತ್ತು. ಸಾವಂತ್ರವ್ವ ಉಳಿದಳು.

ತಡವಾಯಿತೆಂದು ಅವಳನ್ನು ಸಂಶೋಧನೆಯಿಂದ ಕೈಬಿಟ್ಟರು. ಇಳಿಜಾರಿನಲ್ಲೇ ಉಸಿರು ನಿಂತವರಂತೂ, ಅವರ ಲೆಕ್ಕದಲ್ಲಿ, ಆಸ್ಪತ್ರೆಗೆ ಬಂದೇ ಇರಲಿಲ್ಲವಂತೆ. ಇಂಥ ವೇಗ ಸಾಧಿಸಿದ್ದಕ್ಕೆ ಇನಾಮದಾರರಿಗೆ ಶಾಲು ಹೊದಿಸಿದರು.

ಈಗ ಗಾಲಿ ಮುರಿದುಕೊಂಡು ಆಸ್ಪತ್ರೆಯ ಗುಜರಿ ಶೆಡ್ಡಿನ ಪಕ್ಕ ಬಿದ್ದಿದ್ದೇನೆ. ಮಾತ್ರೆಗೆಂದು ಬಂದಾಗ ಸಾವಂತ್ರವ್ವ ನನ್ನ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಾಳೆ.

"ಏಳ ವೈನಿ, ಎಷ್ಟ್ ಹೆಣಾ ಹೊತ್ತೈತೋ, ಅದರ ಮ್ಯಾಲ ಕುಂಡ್ರಬಾರದು" ಎನ್ನುತ್ತಾಳೆ ಚಂದ್ರವ್ವ.

"ಸುಮ್ನಿರ, ಕಾಲು ಸೇದತಾವ."

ಕೂರಲಿ. ಬದುಕಿದವರ ಭಾರ ನನಗೆ ಹಿತ. ಆ ಬಾಗಿಲಿಗೆ ಹೋಗುವವರಿಗೆ ನನ್ನದು ಒಂದೇ ಮಾತು: ಚಂದ್ರವ್ವನಂಥ ಬಾಯಿಯೂ ಮೊಣಕೈಯೂ ಇರುವವರನ್ನು ಜೊತೆಗೆ ಕರೆದುಕೊಂಡು ಹೋಗಿ.