ಯಾರೂ ಮುಟ್ಟದ ಗಂಗಾಳ

ನಾನು ಒಂದು ಸ್ಟೀಲಿನ ಗಂಗಾಳ. ನಮ್ಮ ಧಾರವಾಡದ ಕಡೆ ಊಟದ ತಟ್ಟೆಗೆ ಹಾಗೆನ್ನುತ್ತಾರೆ. ಕಾರ್ಖಾನೆಯ ಯಂತ್ರದಡಿ ಸಿಕ್ಕು ಒಂದೇ ಏಟಿಗೆ ಆಕಾರ ಪಡೆದೆ. ಪಾತ್ರೆ-ಭಾಂಡೆ ಅಂಗಡಿಯಲ್ಲಿ ನನ್ನ ಅಣ್ಣತಮ್ಮಂದಿರ ಜೊತೆ ಕೂತಿದ್ದಾಗ ಯಾರೋ ಮದುವೆಯ ಉಡುಗೊರೆಗೆಂದು ನಮ್ಮನ್ನೆಲ್ಲ ಕೊಂಡರು. ಅಂಗಡಿಯವನು ನನ್ನ ಅಂಚಿನ ಮೇಲೆ ಕರ್ರೆಂದು ‘ಸೌ. ಕುಸುಮಾ’ ಎಂದು ಹೆಸರು ಕೊರೆದ. ನೋವಾಯಿತು ನಿಜ, ಆದರೆ ಹೆಸರುಳ್ಳ ಗಂಗಾಳ ಎಂಬ ಜಂಬವೂ ಅಂದಿನಿಂದಲೇ ಶುರುವಾಯಿತು.

ಆ ಕುಸುಮಾಬಾಯಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಮೆತ್ತನೆ ಮನಸ್ಸಿನವರು. ಅವರ ಅಡುಗೆಮನೆಯಲ್ಲಿ ನಾನು ಹಬ್ಬದ ಹೋಳಿಗೆ ಕಂಡಿದ್ದೇನೆ, ಜ್ವರದ ಗಂಜಿ ಕಂಡಿದ್ದೇನೆ. ಒಮ್ಮೆ ಕೈಜಾರಿ ಬಿದ್ದು ನನ್ನ ತಳ ನೆಗ್ಗಿತು. ನೆಲದ ಮೇಲಿಟ್ಟರೆ ಗಡಗಡ ಅಲುಗತೊಡಗಿದೆ. ಅಂದೇ ನನ್ನನ್ನು ಸ್ಟ್ಯಾಂಡಿನಿಂದ ತೆಗೆದು ಬಾಲ್ಕನಿಯ ಕಟ್ಟೆಗೆ ಸಾಗಿಸಿದರು. ಮನೆಗೆಲಸದ ಹೊನ್ನವ್ವನ ಊಟಕ್ಕೆ ಒಂದು ಬೇರೆ ಗಂಗಾಳ ಬೇಕಾಗಿತ್ತಂತೆ.

ಹೊನ್ನವ್ವ ಮನೆಯ ಪಾತ್ರೆಗಳನ್ನೆಲ್ಲ ತಿಕ್ಕಿ ತೊಳೆದು ಒಳಗೆ ಜೋಡಿಸುವಳು. ಆಮೇಲೆ ಬಾಲ್ಕನಿಯ ಮೂಲೆಯಲ್ಲಿ ಕೂತು ನನ್ನಲ್ಲಿ ಉಂಡು, ನನ್ನನ್ನು ತೊಳೆದು ಕಟ್ಟೆಯ ಮೇಲೆ ಬೋರಲು ಹಾಕುವಳು. ಅವಳ ಕೈ ಅಡುಗೆಮನೆಯ ಎಲ್ಲ ಪಾತ್ರೆಗಳಿಗೂ ತಾಗುತ್ತಿತ್ತು, ಆದರೆ ಅವಳುಂಡ ನಾನು ಮಾತ್ರ ಒಳಗೆ ಬರುವಂತಿರಲಿಲ್ಲ. ಅತ್ತೆಯ ಕಾಲದಿಂದ ಬಂದ ಪದ್ಧತಿ ಅದು, ಕುಸುಮಾಬಾಯಿ ಅದರ ಬಗ್ಗೆ ಯೋಚಿಸಿದ್ದೇ ಇಲ್ಲ. ಹೊನ್ನವ್ವನ ಕಣ್ಣಿಗೆ ಪೊರೆ ಬಂದಾಗ ಆಸ್ಪತ್ರೆಗೆ ಕರೆದೊಯ್ದು, ದಿನವೆಲ್ಲ ಪಕ್ಕದಲ್ಲಿ ಕೂತು ಬಂದವರೂ ಅವರೇ.

ಹೀಗಿರುವಾಗ, ಬಾಯಿಯವರು ದಿನಾ ಹಾಲು ಹಾಕುತ್ತಿದ್ದ ಬೀದಿಯ ಬೆಕ್ಕೊಂದು ವಾಹನದಡಿ ಸಿಕ್ಕು ಸತ್ತಿತು. ಅವರು ಕೆಲ ದಿನ ಸರಿಯಾಗಿ ಉಣ್ಣಲಿಲ್ಲ. ಇನ್ನು ಸಾಕಿದರೆ ಮನೆಯೊಳಗೇ ಸಾಕುವೆ, ಹೊಸಿಲು ದಾಟಲು ಬಿಡೆನೆಂದು ಹಟ ಹಿಡಿದರು. ಅನಾಥ ಬೆಕ್ಕುಗಳನ್ನು ಸಾಕಿ ದತ್ತು ಕೊಡುವ ಅಕ್ಷತಾ ಎಂಬ ಹುಡುಗಿಗೆ ಫೋನು ಹೋಯಿತು. ತಾನು ಬಂದು ನೋಡುವೆ, ಮನೆ ಸರಿಯಿದ್ದರೆ ಮಾತ್ರ ಬೆಕ್ಕು ಕೊಡುವೆ ಎಂದಳು ಅವಳು.

ಸರಿ, ಮನೆಯಲ್ಲಿ ಮದುವೆಮನೆಯಂಥ ಗಡಿಬಿಡಿ ಶುರುವಾಯಿತು. ಕಿಟಕಿಗಳಿಗೆ ಜಾಲರಿ ಬಂತು, ಬಾಲ್ಕನಿಗೆ ಬಲೆ ಬಂತು. ಬೆಕ್ಕಿಗೆ ವಿಷವೆಂದು ಲಿಲ್ಲಿ ಗಿಡದ ಕುಂಡ ಪಕ್ಕದ ಮನೆ ಸೇರಿತು. ಹೂ ಕಟ್ಟುವ ದಾರ ನುಂಗೀತೆಂದು ಡಬ್ಬಿಗೆ ಬೀಗ, ಫಿನಾಯಿಲಿಗೆ ಅಟ್ಟ. ಉಳ್ಳಾಗಡ್ಡಿ ತರಲೂ ಹಿಂದುಮುಂದು ನೋಡುವ ಮನೆಗೆ ಮೀನಿನ ಪೊಟ್ಟಣಗಳು ಬಂದವು. ಬೆಕ್ಕಿನ ಮಲಮೂತ್ರಕ್ಕೆಂದು ಒಂದು ಟಬ್ಬಿನಲ್ಲಿ ಮರಳು ತುಂಬಿ ಬಾಲ್ಕನಿಯ ಮೂಲೆಗಿಟ್ಟರು. ಮರಳು ಹೊತ್ತು ತಂದವಳು ಹೊನ್ನವ್ವ. ಅದು ಅವಳು ಉಣ್ಣುತ್ತಿದ್ದ ಮೂಲೆ. ಮರುದಿನದಿಂದ ಅವಳು ನನ್ನನ್ನು ಹಿಡಿದು ಹೊರಗಿನ ಮೆಟ್ಟಿಲ ಮೇಲೆ ಕೂತು ಉಣ್ಣತೊಡಗಿದಳು. ಬಾಯಿಯವರ ಲಕ್ಷ್ಯಕ್ಕೆ ಅದು ಬರಲಿಲ್ಲ.

ಅಕ್ಷತಾ ಬಂದಳು. ಬಲೆ ಎಳೆದು ನೋಡಿದಳು, ಮೂಲೆ ಮೂಲೆ ಬಗ್ಗಿ ನೋಡಿದಳು. ಕುಸುಮಾಬಾಯಿ ಪರೀಕ್ಷೆಗೆ ಕೂತ ಹುಡುಗಿಯಂತೆ ಸೆರಗು ಹಿಂಡುತ್ತ ಅವಳ ಹಿಂದೆ ನಡೆದರು. ಕೊನೆಗೆ ಅವಳು, ಬೆಕ್ಕಿಗೆ ಬೇರೆ ತಟ್ಟೆ ಎಲ್ಲಿ ಎಂದು ಕೇಳಿದಳು. ಎಲ್ಲ ತಂದಿದ್ದ ಬಾಯಿಯವರು ಅದೊಂದನ್ನು ಮರೆತಿದ್ದರು. ಮುಖ ಬಾಡಿತು. ಅಷ್ಟರಲ್ಲಿ ಕಟ್ಟೆಯ ಮೇಲಿದ್ದ ನಾನು ಅವರ ಕಣ್ಣಿಗೆ ಬಿದ್ದೆ. ಲಗುಬಗೆಯಿಂದ ತಂದು ಅವಳ ಕೈಗಿತ್ತರು.

ಅವಳು ಅಂಚು ಓದಿದಳು. “ನಿಮ್ಮ ಹೆಸರ ಅದ ಅಲ್ರೀ ಇದರ ಮ್ಯಾಲೆ? ನೀವು ಉಣ್ಣೋದೇನು?”

“ಛೇ, ಇಲ್ಲವಾ. ಇದು ಬ್ಯಾರೇನ ಇಟ್ಟದ್ದು. ಇದನ್ನ ನಾವ್ಯಾರೂ ಮುಟ್ಟಂಗಿಲ್ಲ.”

“ಮತ್ತ ನೀರಿನ ಹಸಿ ಅದ ಅಲ್ರೀ?”

ಬಾಯಿಯವರು ನನ್ನನ್ನು ಒರೆಸಲೆಂದು ಸೆರಗು ಹಿಡಿದು ಕೈಚಾಚಿದರು. ಕಸಬರಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಹೊನ್ನವ್ವನೇ ಹೇಳಿದಳು: “ನಾ ಉಣ್ತೀನ್ರಿ ತಂಗಿ ಅದರಾಗ. ಈಗ ತೊಳದೀನಿ, ಸ್ವಚ್ಛ ಐತಿ. ಬೆಕ್ಕಿಗೆ ಏನಾಗಂಗಿಲ್ಲ.”

ನಾಚಿಕೆಯಿಂದ ನಾನು ಸತ್ತೇ ಹೋದೆ. ನನಗೇ ಹೀಗಾದರೆ ಕುಸುಮಾಬಾಯಿಗೆ ಹೇಗಾಗಿರಬೇಡ? ಅವರ ಮುಖ ಕೆಂಪಾಗಿ, ಆಮೇಲೆ ಬಿಳಿಚಿತು. ಅಕ್ಷತಾ ಇಬ್ಬರ ಮುಖವನ್ನೂ ನೋಡಿ ನನ್ನನ್ನು ಮೆಲ್ಲಗೆ ಕೆಳಗಿಟ್ಟಳು. ಬಲೆ ಗಟ್ಟಿಯಿದೆ, ಮನೆ ಬೆಕ್ಕಿಗೆ ತಕ್ಕದ್ದಾಗಿದೆ, ಭಾನುವಾರ ತರುವೆ ಎಂದು ಹೇಳಿ ಹೋದಳು. ಇಷ್ಟು ದಿನ ಕಾದಿದ್ದ ಮಾತು ಅದು. ಬಾಯಿಯವರು ಅದನ್ನು ಕೇಳಿಯೂ ಕೇಳದವರಂತೆ ನಿಂತಿದ್ದರು.

ಮರುದಿನ ಅವರು ಅಡುಗೆಮನೆಯಲ್ಲಿ ಮಣೆ ಹಾಕಿ, ಡೊಂಕಿಲ್ಲದ ಗಂಗಾಳವೊಂದನ್ನು ಇಟ್ಟು, ಹೊನ್ನವ್ವನನ್ನು ಊಟಕ್ಕೆ ಕರೆದರು. “ಬುತ್ತಿ ಡಬ್ಬಿ ತಂದೀನ್ರಿ ಬಾಯಾರ,” ಎಂದು ಅವಳು ಮೆಟ್ಟಿಲ ಕಡೆ ನಡೆದಳು. ಅದರ ಮರುದಿನವೂ ಡಬ್ಬಿ ತಂದಳು. ಬೆಕ್ಕು ಬಂದ ಮೇಲೂ ತಂದಳು. ಒಂದು ಮಧ್ಯಾಹ್ನ ಕುಸುಮಾಬಾಯಿ ತಡೆಯಲಾರದೆ ಮೆಟ್ಟಿಲ ಬಳಿ ಹೋಗಿ ನಿಂತರು. “ತಪ್ಪಾತು ಹೊನ್ನವ್ವಾ. ಒಳಗ ಬಾ.”

“ಬೆಕ್ಕಿಗೆ ಹಾಕ್ರಿ ಮೊದ್ಲ. ಅದು ಕಾಯಾಕತ್ತೈತಿ,” ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಬಾಯಿಯವರಿಗೆ ಎಷ್ಟೋ ಹಗುರವಾಗುತ್ತಿತ್ತು.

ಈಗ ನನಗೆ ವಯಸ್ಸಾಗಿದೆ. ಅಂಚಿನ ಹೆಸರು ಸವೆದಿದೆ. ಬೂದು ಬಣ್ಣದ ಆ ಬೆಕ್ಕು ಅಡುಗೆಕಟ್ಟೆ ಹತ್ತುತ್ತದೆ, ದೇವರ ಮುಂದೆ ಮಲಗುತ್ತದೆ, ಯಾರೂ ಬೇಡ ಅನ್ನುವುದಿಲ್ಲ. ಅದು ಮೀನು ತಿಂದು ಬಿಟ್ಟ ನನ್ನನ್ನು ಹೊನ್ನವ್ವ ತೊಳೆದು, ಒಳಗೆ ಸ್ಟ್ಯಾಂಡಿನಲ್ಲಿ ನನ್ನ ಅಣ್ಣತಮ್ಮಂದಿರ ಸಾಲಿನಲ್ಲೇ ಇಡುತ್ತಾಳೆ. ಇಷ್ಟು ವರ್ಷ ನಾನು ಬಯಸಿದ್ದ ಜಾಗ ಇದೇ. ಬೆಕ್ಕಿನ ಗಂಗಾಳವಾದ ಮೇಲೆ ಸಿಕ್ಕಿತು.

ನನ್ನ ಪಕ್ಕದಲ್ಲಿ ಹೊನ್ನವ್ವನಿಗೆಂದು ತೆಗೆದಿಟ್ಟ ಗಂಗಾಳವಿದೆ. ಮಧ್ಯಾಹ್ನ ಬಾಗಿಲಾಚೆ ಡಬ್ಬಿಯ ಮುಚ್ಚಳ ತೆಗೆಯುವ ಸದ್ದಾದಾಗ ಕುಸುಮಾಬಾಯಿ ಅದನ್ನು ಕೈಗೆತ್ತಿಕೊಳ್ಳುತ್ತಾರೆ. ಸೆರಗಿನಿಂದ ಒರೆಸುತ್ತಾರೆ. ಸ್ವಲ್ಪ ಹೊತ್ತು ಹಿಡಿದು ನಿಂತು, ಮತ್ತೆ ನನ್ನ ಪಕ್ಕಕ್ಕೇ ಇಡುತ್ತಾರೆ.